ಹಿಮ್ಮಡಿ ಮೇಷ್ಟ್ರು
ಆ ಬಾಕ್ಸಿಂಗ್ ಮೇಷ್ಟ್ರಿಗೆ ಮನುಷ್ಯನೆಂದರೆ ಮೊಣಕಾಲಿನಿಂದ ಕೆಳಗಿದ್ದಷ್ಟೇ. ಮೇಲಿನದೆಲ್ಲ ದೇವರು ಉಳಿದ ಮಣ್ಣು ಹಾಳಾಗದಿರಲೆಂದು ಮೆತ್ತಿದ್ದು. ಹಳೆಯ ಶಿಷ್ಯ ಮೀಸೆ ಬಿಟ್ಟುಕೊಂಡು ಎದುರಿಗೆ ನಿಂತರೆ ಗುರುತು ಸಿಗುತ್ತಿರಲಿಲ್ಲ, ಹಿಮ್ಮಡಿ ಕಂಡರೆ ಸಾಕು, ಅವನ ವಂಶಾವಳಿಯನ್ನೇ ಹೇಳುತ್ತಿದ್ದರು. “ಗುದ್ದು ಹುಟ್ಟೋದು ಹಿಂಗಾಲಲ್ಲಿ ಕಣಯ್ಯಾ, ಕೈ ಬರೀ ಅಂಚೆಯವನು!” ಎಂದು ಅವರು ಗದರಿದರೆ ಪಕ್ಕದ ಬೀದಿಯ ದರ್ಜಿಯೂ ಹೊಲಿಗೆ ಯಂತ್ರದ ಮೇಲೆ ಕಾಲು ಸರಿಮಾಡಿಕೊಳ್ಳುತ್ತಿದ್ದ. ಅಂಥ ಗದರಿಕೆ ಈಗೆಲ್ಲಿ ಕೇಳಬೇಕು! ಫೋಟೋಗೆ ನಿಂತ ಮದುಮಗನಿಗೂ, “ಪಾದ ಜೋಡಿಸಿ ನಿಂತಿದ್ದೀಯಲ್ಲೋ, ಊದಿದ್ರೆ ಬೀಳ್ತೀಯ” ಎಂದವರು ಅವರು. ಅಂಥವರ ಹೆಂಡತಿಗೆ ಲಕ್ವ ಹೊಡೆದು, ಎದ್ದು ಓಡಾಡುವಂತಾದ ಮೇಲೂ ಎಡಗಾಲು ಎಳೆಯುತ್ತಿತ್ತು. ನಡೆಯದಿದ್ದರೆ ಇರುವ ಶಕ್ತಿಯೂ ಹೋಗುತ್ತದೆಂದು ವೈದ್ಯರು ಎಚ್ಚರಿಸಿದರೂ, ನಾಲ್ಕು ಜನ ನೋಡುತ್ತಾರೆಂಬ ನಾಚಿಕೆಗೆ ಆಕೆ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಒಂದು ಬೆಳಿಗ್ಗೆ ಮೇಷ್ಟ್ರು ಪುಸಲಾಯಿಸಿ, ಕೈಹಿಡಿದು, ತಾಲೀಮಿನ ಕೋಣೆಗೇ ಕರೆತಂದು ಶಿಷ್ಯರ ಮುಂದೆ ಒಂದು ಸುತ್ತು ನಡೆಸಿದರು. “ನೋಡ್ರೋ ಕತ್ತೆಗಳಾ! ಪಾದ ಎತ್ತಬೇಡಿ, ನೆಲ ಸವರಿಕೊಂಡು ಜರುಗಿಸಿ ಅಂತ ನಲವತ್ತು ವರ್ಷ ಬಾಯಿ ಬಡ್ಕೊಂಡೆ. ಸರಿಯಾಗಿ ಕಲಿತಿದ್ದು ನಿಮ್ಮ ಈ ಅಮ್ಮ ಒಬ್ಬಳೇ.” “ಸಾಕು, ನಿಮ್ಮ ತಲೆ!” ಎಂದು ಆಕೆ ನಕ್ಕರು. ನಗುತ್ತಲೇ ಅವರ ಕೈ ಬಿಡಿಸಿಕೊಂಡು, ಇನ್ನೊಂದು ಸುತ್ತಿಗೆ ತಾವೇ ಹೊರಟರು.