ಐರಣಿಗೆ ಬಂದ ಪ್ಯಾಕೆಟಿನ ಹುಳುಗಳು

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಗಳಾಗಿದ್ದವು. ವಿಷವಿಲ್ಲದೆ ಕೀಟಗಳನ್ನು ಕೊಲ್ಲುವ ಒಂದು ಯೋಜನೆಯಲ್ಲಿ ನಾನು ಕ್ಷೇತ್ರ ಸಹಾಯಕನಾಗಿದ್ದೆ. ಆ ಮಳೆಗಾಲ ನಮ್ಮ ಸಾಹೇಬರಿಗೆ ಮಿಡತೆಗಳ ಮೇಲೆ ಸಿಟ್ಟು ಬಂದಿತ್ತು. ಮಿಡತೆಯ ಮೈಹೊಕ್ಕು ಒಳಗಿನಿಂದಲೇ ತಿಂದು ಮುಗಿಸುವ ಸಣ್ಣ ಹುಳುಗಳನ್ನು ಪುಡಿಯಲ್ಲಿ ಬೆರೆಸಿ ಕೊಡುತ್ತಾರೆಂದು ಪ್ಯಾಕೆಟ್ ತರಿಸಿದರು. ಹುಳುಗಳು ಕಣ್ಣಿಗೆ ಕಾಣುವುದಿಲ್ಲ. ಲಕ್ಷಗಟ್ಟಲೆ ಇವೆ ಎಂದು ಪ್ಯಾಕೆಟಿನ ಮೇಲೆ ಬರೆದಿತ್ತು. ನಂಬುವುದಕ್ಕೇ ನಮಗೆ ಸಂಬಳ.

ಪ್ರಾತ್ಯಕ್ಷಿಕೆಗೆ ಐರಣಿಯಲ್ಲಿ ಹೊಳೆಯ ಹತ್ತಿರದ ಗೋವಿನಜೋಳದ ಹೊಲ ಸಿಕ್ಕಿತು. ಹೊಲದ ಒಡತಿ ಐವತ್ತು ದಾಟಿದ ಮುಸ್ಲಿಂ ಹೆಣ್ಣುಮಗಳು, ಗಂಡ ತೀರಿದ ಮೇಲೆ ಒಬ್ಬರೇ ಬೇಸಾಯ ಮಾಡುತ್ತಿದ್ದರು.

ಹುಳುಗಳನ್ನು ನೆರಳಲ್ಲಿ ಇಡಬೇಕು, ಸಂಜೆ ಹಸಿ ನೆಲಕ್ಕೆ ಸಿಂಪಡಿಸಬೇಕು ಎಂಬ ಸೂಚನೆಯನ್ನು ಸಾಹೇಬರಿಗೆ ಓದಿ ಹೇಳಿದೆ.

"ಸಂಜೀಕ ಅತಿಥಿಗಳು ಬರಾಂಗಿಲ್ಲೋ," ಎಂದರು. "ಹುಳಕ್ಕೇನು ಗಡಿಯಾರ ಐತೇನು?"

ಪ್ರಾತ್ಯಕ್ಷಿಕೆಯ ದಿನ ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ಅತಿಥಿಗಳು ಒಂದೂವರೆಗೆ ಬಂದರು. ಅಲ್ಲಿಯವರೆಗೆ ಹೂವಿನ ಹಾರಗಳು ಬಾಡಬಾರದೆಂದು ಬೇವಿನ ನೆರಳಿನಲ್ಲಿದ್ದವು. ಹುಳುಗಳು ಎಲ್ಲರಿಗೂ ಕಾಣಲೆಂದು ಜೀಪಿನ ಬಾನೆಟ್ ಮೇಲೆ ಬಿಸಿಲು ಕಾಯುತ್ತಿದ್ದವು. ಅತಿಥಿಗಳು ಅವುಗಳ ಶೌರ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನಂತರ ಕಾದ ನೆಲಕ್ಕೆ ನಾನು ಸಿಂಪಡಿಸಿದೆ, ಫೋಟೋ ಆಯಿತು.

"ತಮ್ಮಾ, ಅವು ಜೀವಂತ ಅದಾವೇನು?" ಎಂದು ಹೊಲದ ಒಡತಿ ಮೆಲ್ಲಗೆ ಕೇಳಿದರು.

"ಇರಬೇಕ್ರಿ ಅಕ್ಕಾರ," ಎಂದೆ.

ವಾರದ ನಂತರವೂ ಮಿಡತೆಗಳು ಪರಮ ಆರೋಗ್ಯದಲ್ಲಿದ್ದವು. ಸಾಹೇಬರು "ಉತ್ತಮ ಫಲಿತಾಂಶ" ಎಂದು ವರದಿ ಬರೆಸಿದರು. ಬರೆದ ಕೈ ನನ್ನದು.

ಒಂದು ಜೋರು ಮಳೆಯಾದ ಮೇಲೆ ಆಕೆ ಉಪ್ಪಿನಕಾಯಿ ಬಾಟಲಿ ಹಿಡಿದು ರಾಣೆಬೆನ್ನೂರಿನ ನಮ್ಮ ಕಚೇರಿಗೆ ಬಂದರು. ಒಳಗೆ ಸತ್ತ ಮಿಡತೆ, ಪಕ್ಕದಲ್ಲಿ ಗೇಣುದ್ದದ ಬಿಳಿ ದಾರದಂಥ ಹುಳು, ಇನ್ನೂ ಹೊರಳುತ್ತಿತ್ತು.

"ಬದುವಿನ ಹುಲ್ಲಾಗ ಸಿಕ್ತರಿ ಸಾಹೇಬ್ರ. ಮಿಡಚಿ ಹೊಟ್ಟಿ ಒಡಕೊಂಡು ಬಂತು. ನಿಮ್ಮ ಹುಳಾನ ಇಷ್ಟುದ್ದ ಬೆಳದೈತೇನ್ರಿ?"

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಇದು ತಾನಾಗೇ ಇರೂ ಜಾತಿ. ನಮ್ಮ ಯೋಜನಾದಾಗ ಬರಾಂಗಿಲ್ಲ," ಎಂದು ಬಾಟಲಿಯನ್ನು ಮೇಜಿನ ಆಚೆಗೆ ತಳ್ಳಿದರು.

ಹೊರಗೆ ಪಡಸಾಲೆಯಲ್ಲಿ ನಾನು ಆಕೆಗೆ ನಿಜ ಹೇಳಿದೆ. ನಮ್ಮವು ಜೀಪಿನ ಮೇಲೇ ಸತ್ತಿದ್ದವು. ಇದು ಆಕೆಯ ಮಣ್ಣಿನದೇ. ಮಳೆಯಾದಾಗ ಹುಲ್ಲು ಹತ್ತಿ ಮೊಟ್ಟೆಯಿಡುತ್ತದೆ, ಎಲೆಯ ಜೊತೆ ಮೊಟ್ಟೆ ಮಿಡತೆಯ ಹೊಟ್ಟೆ ಸೇರಿ ಅಲ್ಲೇ ಹುಳುವಾಗಿ ಬೆಳೆಯುತ್ತದೆ.

"ಆವತ್ತ ಯಾಕ ಹೇಳಲಿಲ್ಲ?"

ನಾನು ಬದುವಿನ ಕಡೆಗೆ ಮಾತು ಹೊರಳಿಸಿದೆ. ಬದುವಿಗೆ ಎರಚಲು ಆಕೆ ವಿಷದ ಪುಡಿ ಕೊಂಡಿಟ್ಟಿದ್ದರು, ಈ ಹುಳುಗಳೂ ಸಾಯುತ್ತವೆ, ಬೇಡವೆಂದೆ. ಆಕೆ ಮರಳುವ ಬಸ್ಸಿನಲ್ಲೇ ನಾನೂ ಐರಣಿಗೆ ಹೋದೆ, ಇಬ್ಬರೂ ಸೇರಿ ಹುಳುವನ್ನು ಹಸಿ ಮಣ್ಣಿಗೆ ಬಿಟ್ಟೆವು.

ಬದುವಿನ ಪಕ್ಕದ ನಾಲ್ಕು ಸಾಲು ಮಿಡತೆಗಳ ಪಾಲಾದವು, ಉಳಿದದ್ದು ಬೆಳೆಯಿತು. ಹುಳುವಿನಿಂದಲೋ ಮಳೆಯಿಂದಲೋ ನಾನು ಹೇಳಲಾರೆ. ಸಾಹೇಬರಿಗಂತೂ ಅನುಮಾನವಿರಲಿಲ್ಲ, ಹಾವೇರಿಯ ಸಭೆಯೊಂದರಲ್ಲಿ ಶಾಲು ಹೊದಿಸಿಕೊಂಡು ಬಂದರು.

ಸುಗ್ಗಿಗೆ ತುಸು ಮುನ್ನ ಹೋದಾಗ ಆಕೆ ಹಸಿ ತೆನೆ ಸುಟ್ಟು ಕೈಗಿಟ್ಟರು. "ಇನ್ನ ಮ್ಯಾಲೆ ಸಾಹೇಬ್ರನ್ನ ಕರಕೊಂಡು ಬರಬ್ಯಾಡ ತಮ್ಮಾ. ನೀ ಒಬ್ಬನ ಬಾ."