ಟೇಪಕ್ಕನ ‘ಆಮೇಲೆ’

ನನ್ನ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಬೀದಿಗೆಲ್ಲ ಅವಳು ಟೇಪಕ್ಕ. ಕೊರಳಲ್ಲಿ ಹಳದಿ ಟೇಪು ಇಲ್ಲದ ಅಕ್ಕನನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಅವಳ ಮದುವೆಯ ದಿನ. ಆವತ್ತೂ ಮದುಮಗನ ಕೋಟಿನ ತೋಳು ಅರ್ಧ ಇಂಚು ಉದ್ದವಾಗಿದೆ ಎಂದು ಅವಳು ಮುಖ ಸಿಂಡರಿಸಿಕೊಂಡೇ ನಿಂತಿದ್ದಳು.

ಆ ಮದುಮಗ, ಅಂದರೆ ನಮ್ಮ ಭಾವ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿ ಈಗ ಅಕ್ಕನ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಓಡಿಸುತ್ತಾರೆ. ಮನೆಯ ಮೆಟ್ಟಿಲ ಕೆಳಗಿನ ಉದ್ದ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮೆಷಿನ್ನು, ಆಳೆತ್ತರದ ಕನ್ನಡಿ, ಒಂದು ಪರದೆ, ಕತ್ತರಿಸುವ ಮೇಜು. ಕಾಲರಿನ ತಿರುವು ಬಂದಾಗ ಭಾವ ಈಗಲೂ ಒಮ್ಮೆ ಬಲಗಡೆ ನೋಡಿಯೇ ಇಸ್ತ್ರಿಪೆಟ್ಟಿಗೆ ತಿರುಗಿಸುತ್ತಾರೆ ಎಂದು ಅಕ್ಕ ಹಂಗಿಸುವುದುಂಟು.

ಅಕ್ಕ ಅಳತೆಯನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಹಿಂದೆ ಬರೆಯುತ್ತಿದ್ದಳು. ಒಂದು ದಿನ ಗಿರಾಕಿಯೊಬ್ಬ ಕಾಯುತ್ತ ಕೂತವನು ಪುಸ್ತಕ ತಿರುವಿ, ಪಕ್ಕದ ಮನೆಯವನ ಸೊಂಟ ತನ್ನ ಸೊಂಟಕ್ಕಿಂತ ಎಷ್ಟು ದಪ್ಪ ಎಂದು ಕಂಡುಹಿಡಿದು, ಸಂಜೆಯೊಳಗೆ ಬೀದಿಗೆಲ್ಲ ಹಂಚಿಬಿಟ್ಟ. ಆವತ್ತೇ ಪುಸ್ತಕಕ್ಕೆ ಮುಕ್ತಾಯ. ಅಂದಿನಿಂದ ಅಳತೆ ತೆಗೆದು, ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು, ಗಿರಾಕಿ ಹೊಸ್ತಿಲು ದಾಟಿದ ಮೇಲೆ ಪರದೆಯ ಹಿಂದೆ ಹೋಗಿ ಫೋನಿನ ಕಿವಿಯಲ್ಲಿ ಪಿಸುಗುಟ್ಟಿ ರೆಕಾರ್ಡ್ ಮಾಡಿಡುತ್ತಾಳೆ. ಬರೀ ಸಂಖ್ಯೆಯಲ್ಲ. “ಎಡ ತೋಳು ಕಾಲಿಂಚು ಗಿಡ್ಡ. ಕುತ್ತಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಉಸಿರು ಹಿಡಿದು ನಿಂತಿದ್ದಾನೆ, ಬಿಟ್ಟಾಗ ಇನ್ನೆರಡು ಇಂಚು” ಎಂಬಂಥ ಟಿಪ್ಪಣಿಗಳೂ ಸೇರಿಯೇ. ಹೆಂಡತಿ ಬಂದು ಗಂಡನ ಅಳತೆ ಕೇಳಿದರೂ ಅಕ್ಕ ಬಾಯಿ ಬಿಡುವವಳಲ್ಲ. ಮುನ್ನೂರು ಜನರ ಸೊಂಟದ ಗುಟ್ಟು ಆ ಫೋನಿನಲ್ಲಿತ್ತು. ನನ್ನದೂ ಇತ್ತು. ನಾನು ಎಲ್ಲರೆದುರೂ ಮೂವತ್ನಾಲ್ಕು ಎಂದು ಹೇಳಿಕೊಂಡು ಬಂದ ಸಂಖ್ಯೆಯ ನಿಜರೂಪ ಬಲ್ಲವರು ಭೂಮಿಯ ಮೇಲೆ ಇಬ್ಬರೇ, ಅಕ್ಕ ಮತ್ತು ಆ ಫೋನು.

ಫೋನಿಗೆ ಎಂಟು ವರ್ಷ. ಮೊದಮೊದಲು ಅದು ತಿಂಗಳಿಗೊಮ್ಮೆ ‘ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೇ?’ ಎಂದು ವಿನಯದಿಂದ ಕೇಳುತ್ತಿತ್ತು. ಅಕ್ಕ ಪ್ರತಿ ಸಲವೂ ‘ಆಮೇಲೆ’ ಒತ್ತುತ್ತಿದ್ದಳು. ಅವಳಿಗೆ ಅದರ ಬಗ್ಗೆ ಒಂದು ಸಿದ್ಧಾಂತವೇ ಇತ್ತು.

“ನಾನು ಹೊಲಿದ ಕೋಟು ಯಾವತ್ತಾದ್ರೂ ಆಲ್ಟ್ರೇಷನ್‌ಗೆ ವಾಪಸ್ ಬಂದಿದ್ಯಾ?” ಎಂದು ನನ್ನನ್ನು ಕೇಳಿದ್ದಳು.

“ಇಲ್ಲ ಬಿಡು.”

“ಇವರದ್ದು ತಿಂಗಳು ತಿಂಗಳೂ ಬರುತ್ತೆ. ಅಲ್ಲಿ ತೂತಿತ್ತು ಮುಚ್ಚಿದ್ವಿ, ಇಲ್ಲಿ ಸಡಿಲ ಇತ್ತು ಬಿಗಿ ಮಾಡಿದ್ವಿ ಅಂತ. ಮೊದಲೇ ನೆಟ್ಟಗೆ ಹೊಲಿಯೋಕೆ ಏನಾಗಿತ್ತು ಇವರಿಗೆ? ಇಂಥ ದರ್ಜಿ ಹತ್ರ ನೀನಾದ್ರೆ ಬಟ್ಟೆ ಕೊಡ್ತೀಯಾ?”

ನಾನು ಮಹಾ ಪಂಡಿತನ ಹಾಗೆ ತಲೆಯಾಡಿಸಿ, “ಹಾಕಲೇಬೇಡ ಅಕ್ಕಾ, ಹಾಕಿದ್ರೆ ಫೋನು ನಿಧಾನ ಆಗುತ್ತಂತೆ” ಎಂದೆ. ನನ್ನ ತಾಂತ್ರಿಕ ಜ್ಞಾನ ಎಂಥದೆಂದರೆ, ಟಿವಿ ರಿಮೋಟಿನ ಕೆಂಪು, ಹಸಿರು, ಹಳದಿ, ನೀಲಿ ಗುಂಡಿಗಳು ಯಾಕಿವೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಹಂತದಲ್ಲಿ ಫೋನು ಕೇಳುವುದನ್ನೇ ನಿಲ್ಲಿಸಿತು. ಒಂದು ತಿಂಗಳಾಯಿತು, ಆರು ತಿಂಗಳಾಯಿತು, ಸದ್ದಿಲ್ಲ. ಅಕ್ಕ ಗೆದ್ದವಳ ಹಾಗೆ ಬೀಗಿದಳು. “ನೋಡಿದ್ಯಾ? ಕೊನೆಗೂ ಎಲ್ಲಾ ರಿಪೇರಿ ಮುಗೀತು ಅವರದ್ದು.” ನಾವು ಮೂವರೂ ಅದನ್ನು ನಂಬಿದೆವು. ಭಾವ ಆ ಖುಷಿಗೆ ಇನ್ನೊಂದು ಸುತ್ತು ಚಹಾ ಮಾಡಿದರು.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಅಕ್ಕನ ಫೋನಿಗೆ ಸಂದೇಶ ಬಂತು. ‘ನಿಮ್ಮ ಪಾರ್ಸೆಲ್ ದಾರಿಯಲ್ಲಿ ನಿಂತಿದೆ. ವಿಳಾಸ ಸರಿಪಡಿಸಲು ಇಲ್ಲಿ ಒತ್ತಿ.’ ಶಾಲೆಯ ವಾದ್ಯತಂಡದ ನಲವತ್ತು ಮಕ್ಕಳ ಸಮವಸ್ತ್ರಕ್ಕೆ ಲೈನಿಂಗ್ ಬಟ್ಟೆ ಬರಬೇಕಿತ್ತು. ಅಕ್ಕ ಅದಕ್ಕೇ ಕಾಯುತ್ತಿದ್ದಳು. ಒತ್ತಿದಳು. ಅದು ಏನನ್ನೋ ಹಾಕಿಕೊಳ್ಳಲೇ ಎಂದು ಕೇಳಿತು. ‘ಸರಿ’ ಒತ್ತಿದಳು. ‘ಆಮೇಲೆ’ ಎಂಬ ಗುಂಡಿ ಅಲ್ಲಿರಲಿಲ್ಲ. ಇದ್ದಿದ್ದರೆ ಬಚಾವಾಗುತ್ತಿದ್ದಳು.

ಊಟದ ಹೊತ್ತು ಕಳೆಯುವಷ್ಟರಲ್ಲಿ ಅಂಗಡಿಯ ಮುಂದೆ ಜನ. ಮೊದಲು ಬಂದವರು ಹಲ್ಲಿನ ಡಾಕ್ಟರಮ್ಮ.

“ಟೇಪಕ್ಕಾ, ಬಹುಮಾನ ಅಂದ್ರಲ್ಲ, ಏನದು? ನಾನು ಕ್ಲಿನಿಕ್ಕಲ್ಲಿ ಒಬ್ರ ಬಾಯಿ ತೆರೆದಿಟ್ಟು ಬಂದಿದೀನಿ, ಬೇಗ ಹೇಳಿ.”

“ಯಾವ ಬಹುಮಾನ?”

ಡಾಕ್ಟರಮ್ಮ ತಮ್ಮ ಫೋನು ತೋರಿಸಿದರು. ಅಕ್ಕನ ನಂಬರಿನಿಂದಲೇ ಬಂದಿತ್ತು: ‘ನಿಮಗೆ ಬಹುಮಾನ ಬಂದಿದೆ. ಪಡೆಯಲು ಇಲ್ಲಿ ಒತ್ತಿ.’ ಬೇಕರಿಯವರಿಗೂ ಬಂದಿತ್ತು. ನನಗೂ ಬಂದಿತ್ತು. ಇಷ್ಟು ವರ್ಷದ ಮೇಲೆ ಅಕ್ಕನಿಗೆ ತಮ್ಮನ ಮೇಲೆ ಪ್ರೀತಿ ಉಕ್ಕಿದೆ ಎಂದು ನಾನು ಒತ್ತಿಯೂ ಬಿಟ್ಟಿದ್ದೆ. ನನ್ನ ಫೋನು ಮಾತ್ರ ಕೆಂಪು ಪರದೆ ತೋರಿಸಿ ‘ಇದು ಅಪಾಯಕಾರಿ’ ಎಂದು ನನ್ನನ್ನು ಹಿಂದಕ್ಕೆ ದಬ್ಬಿತ್ತು. ನನ್ನ ಮಗಳು ನನಗೆ ಹೇಳದೆ ಕೇಳದೆ ಅದರಲ್ಲಿ ಅಪ್‌ಡೇಟುಗಳು ತಾವಾಗಿಯೇ ಬಂದು ಕೂರುವ ಹಾಗೆ ಮಾಡಿಟ್ಟಿದ್ದಳಂತೆ. ಅಕ್ಕನಿಗೆ ಬುದ್ಧಿ ಹೇಳಿದ ಪಂಡಿತನ ಫೋನನ್ನು ಕಾಯುತ್ತಿದ್ದವಳು ಅವಳು.

ಅಕ್ಕನ ಮುಖ ಸುಣ್ಣ ಹಚ್ಚಿದ ಗೋಡೆಯ ಹಾಗಾಯಿತು. ಬಹುಮಾನದ ಮಾತಿಗಲ್ಲ.

“ಇದು ನನ್ನ ಕೇಳ್ದೆ ಎಲ್ರಿಗೂ ಕಳಿಸ್ತಿದೆ ಅಂದ್ರೆ,” ಎಂದು ನನ್ನ ತೋಳು ಹಿಡಿದಳು, “ಆ ಅಳತೆ ಮಾತುಗಳನ್ನೂ ಕಳಿಸುತ್ತಾ?”

ನನ್ನ ಮೂವತ್ನಾಲ್ಕರ ಸಾಮ್ರಾಜ್ಯ ಕಣ್ಣೆದುರೇ ಉರುಳುತ್ತಿತ್ತು.

“ಗಾಡಿ ಬ್ರೇಕ್ ಫೇಲಾಗಿದೆ, ಎಲ್ರೂ ಪಕ್ಕಕ್ಕೆ!” ಎನ್ನುತ್ತ ಭಾವ ಫೋನನ್ನು ಕಿತ್ತುಕೊಂಡು ಗುಂಡಿಗಳ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದರು. ಒಳಗೆ ಫೋನು ಗುಂಡಿಗಳ ಮಧ್ಯೆ ಗರಗರ ಎಂದು ಒದ್ದಾಡಿತು. ಆ ಡಬ್ಬಿಯನ್ನು ಹಾಗೆಯೇ ಎದೆಗವಚಿಕೊಂಡು ನಾವು ಮೂವರೂ ಎದುರು ಕಟ್ಟಡದ ಮಹಡಿ ಹತ್ತಿದೆವು.

ಅಲ್ಲಿ ಫೋನ್ ರಿಪೇರಿ ಮಾಡುವವರಿಗೆ ಎಲ್ಲರೂ ಸ್ಕ್ರೂ ಮೇಡಂ ಎನ್ನುತ್ತಾರೆ. ಅವರು ಡಬ್ಬಿ ತೆರೆದು, ಗುಂಡಿಗಳನ್ನು ಸರಿಸಿ, ಫೋನಿನ ಸಿಮ್ಮು ತೆಗೆದು, ವೈಫೈ ಆರಿಸಿ, ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸದೆಯೇ ನಿಟ್ಟುಸಿರು ಬಿಟ್ಟರು.

“ಟೇಪಕ್ಕಾ, ಇದಕ್ಕೆ ಕೊನೇ ಸಲ ಅಪ್‌ಡೇಟ್ ಹಾಕಿದ್ದು ಯಾವಾಗ?”

“ಹಾಕಿಲ್ಲ.”

“ಎಷ್ಟು ದಿನದಿಂದ?”

“ತಂದಾಗಿನಿಂದ.”

“ಈಗ ಎರಡು ವರ್ಷದಿಂದ ಅದು ಕೇಳೋದೂ ಬಿಟ್ಟಿದೆ ಮೇಡಂ,” ಎಂದೆ ನಾನು ಸಹಾಯ ಮಾಡುವವನ ಹಾಗೆ. “ಎಲ್ಲಾ ಸರಿಹೋಗಿರಬೇಕು.”

ಸ್ಕ್ರೂ ಮೇಡಂ ನನ್ನನ್ನು ನೋಡಿದ ರೀತಿಯಲ್ಲಿ ಕರುಣೆ ಇತ್ತು. “ಸರಿಹೋಗಿದ್ದಲ್ಲ ಸಾರ್, ಕಂಪನಿಯವರು ಈ ಫೋನಿನ ಕೈಬಿಟ್ಟಿದ್ದಾರೆ. ಇಷ್ಟು ವರ್ಷ ನೋಡ್ಕೋತೀವಿ ಅಂದಿರ್ತಾರೆ, ಅದು ಮುಗೀತು. ಇನ್ನು ಇದರ ಬಾಗಿಲಿಗೆ ಬೀಗ ಕೊಡೋರು ಯಾರೂ ಇಲ್ಲ.”

ಅಕ್ಕ ಸೋಲುವವಳಲ್ಲ. “ಮೊದಲೇ ಸರಿಯಾಗಿ ಮಾಡಿದ್ರೆ ಪದೇ ಪದೇ ಬೀಗ ಯಾಕಮ್ಮಾ ಬೇಕು?”

ಮೇಡಂ ತಾವು ತೊಟ್ಟಿದ್ದ ಕೋಟಿನ ಅಂಚನ್ನು ಮಗುಚಿ ತೋರಿಸಿದರು. ಅಕ್ಕನೇ ಹೊಲಿದದ್ದು. “ಒಳಗೆ ಎರಡು ಇಂಚು ಬಟ್ಟೆ ಮಡಚಿ ಬಿಟ್ಟಿದ್ದೀರಲ್ಲ, ಯಾಕೆ?”

“ಬೇಕಾದಾಗ ಬಿಚ್ಚಿ ದೊಡ್ಡದು ಮಾಡೋಕೆ. ಜನ ಬೆಳೀತಾರಲ್ಲ.”

“ಕಳ್ಳರೂ ಬೆಳೀತಾರೆ ಟೇಪಕ್ಕಾ. ಫೋನ್ ಮಾಡಿದಾಗ ಇಲ್ಲದ ಕಳ್ಳತನ ಈಗ ಇದೆ. ಅದಕ್ಕೇ ಅವರು ಬಿಚ್ಚಿ ಬಿಚ್ಚಿ ಹೊಲೀತಾರೆ. ನಿಮ್ಮ ಹಾಗೇನೇ.”

ಅಕ್ಕ ಆ ಅಂಚನ್ನು ಬೆರಳಲ್ಲಿ ಹಿಡಿದು ತಿರುವಿ ನೋಡಿದಳು. ತನ್ನ ಕೈಯ ಹೊಲಿಗೆಯೇ ತನ್ನ ವಿರುದ್ಧ ಸಾಕ್ಷಿ ಹೇಳಿತ್ತು. “ಅಳತೆಗಳು?” ಎಂದಳು.

ಮೇಡಂ ಅರ್ಧ ಗಂಟೆ ಫೋನಿನ ಒಳಗೆಲ್ಲ ತಡಕಿದರು. “ಬೆಳಿಗ್ಗೆಯಿಂದ ಇಲ್ಲಿಂದ ಹೊರಗೆ ಹೋಗಿರೋ ಡೇಟಾ ತುಂಬಾ ಕಡಿಮೆ. ಸಂದೇಶಗಳಷ್ಟೇ ಹೋಗಿರಬೇಕು. ಅಷ್ಟರಲ್ಲಿ ಈ ಧ್ವನಿಗಳು ಹಿಡಿಯಲ್ಲ. ಹೋಗಿಲ್ಲ ಅಂತ ಅನ್ಸುತ್ತೆ. ಆಣೆ ಮಾಡಿ ಹೇಳಿ ಅಂದ್ರೆ ಮಾತ್ರ ಹೇಳಲ್ಲ.”

ಅಳತೆಗಳನ್ನು ತೆಗೆದು ಬೇರೆ ಕಡೆ ಇಟ್ಟು, ಫೋನನ್ನು ಪೂರ್ತಿ ಅಳಿಸಿದ್ದಾಯಿತು. ‘ಟೇಪಕ್ಕನಿಂದ ಬಂದದ್ದನ್ನು ಒತ್ತಬೇಡಿ’ ಎಂದು ಭಾವ ತಮ್ಮ ಫೋನಿನಿಂದ ಸಂಜೆಯೊಳಗೆ ಎಲ್ಲರಿಗೂ ಹೇಳಿ ಮುಗಿಸಿದರು. ಕೊನೇ ನಿಲ್ದಾಣ ಬಂತು, ಎಲ್ಲರೂ ಇಳಿಯಿರಿ ಎನ್ನುವ ಅದೇ ದನಿಯಲ್ಲಿ.

“ಇಲ್ಲಿಗೆ ಬಿಟ್ಬಿಡು ಅಕ್ಕಾ,” ಎಂದೆ ನಾನು. “ಅಳತೆ ವಿಷಯ ಯಾರಿಗೂ ಹೇಳ್ಬೇಡ. ಹೋಗಿಲ್ಲ ಅಂದ್ರಲ್ಲ.”

“ಹೊಲಿಗೆ ಬಿಟ್ಟಿರಬಹುದು ಅಂತ ಗೊತ್ತಿದ್ದೂ ಮೇಲೆ ಇಸ್ತ್ರಿ ಎಳೆದು ಕೊಡ್ಲಾ? ನಾಳೆ ಬೇರೆಯವರ ಬಾಯಿಂದ ಗೊತ್ತಾದ್ರೆ ಈ ಕನ್ನಡಿ ಮುಂದೆ ಯಾರು ಬಂದು ನಿಲ್ತಾರೆ?”

ಮಾರನೆಯ ದಿನದಿಂದ ಅಕ್ಕ ಮನೆಮನೆಗೆ ಹೊರಟಳು. ಚೀಲ ಹಿಡಿಯಲು ನಾನು. ಚೀಲದಲ್ಲಿ ಮೇಡಂ ಕೊಟ್ಟ ಪುಟ್ಟ ಲ್ಯಾಪ್‌ಟಾಪು, ಅದರೊಳಗೆ ಮುನ್ನೂರು ಸೊಂಟ. “ನಿಮ್ಮ ಅಳತೆ ಹೊರಗೆ ಹೋಗಿಲ್ಲ ಅನ್ಸುತ್ತೆ. ಹೋಗಿದ್ರೆ ತಪ್ಪು ನನ್ನದು. ಅಳಿಸು ಅಂದ್ರೆ ಅಳಿಸ್ತೀನಿ” ಎಂಬುದು ಅವಳ ಮಾತು.

“ನನ್ನ ಸೊಂಟ ಗೊತ್ತಾಗೋಕೆ ಫೋನ್ ಯಾಕೆ ಬೇಕು? ರಸ್ತೆ ಆಚೆಯಿಂದ ನೋಡಿದ್ರೆ ಸಾಕು,” ಎಂದು ಬೇಕರಿಯವರು ನಕ್ಕು ನಮಗೇ ಬನ್ನು ಕೊಟ್ಟರು. ಹಲ್ಲಿನ ಡಾಕ್ಟರಮ್ಮ ತಮ್ಮದನ್ನು ಕೇಳಲೇಬೇಕೆಂದು ಹಟ ಹಿಡಿದರು. ಅಕ್ಕ ಕಣ್ಣು ಮುಚ್ಚಿಕೊಂಡು ಲ್ಯಾಪ್‌ಟಾಪಿನಲ್ಲಿ ಆ ಧ್ವನಿ ಹಾಕಿದಳು. “ಡಾಕ್ಟರಮ್ಮ. ಬಗ್ಗಿ ಬಗ್ಗಿ ಬೆನ್ನು ದುಂಡಗಾಗಿದೆ. ಬೆನ್ನಿಗೆ ಅರ್ಧ ಇಂಚು ಜಾಸ್ತಿ ಬಿಡು. ಪಾಪ.” ಡಾಕ್ಟರಮ್ಮ, “ನನ್ನ ನೋಡಿ ‘ಪಾಪ’ ಅಂದಿದ್ದು ಇಡೀ ಊರಲ್ಲಿ ನೀವೊಬ್ರೇ,” ಎಂದು ಅಕ್ಕನ ಕೈ ಒತ್ತಿದರು.

ಎಲ್ಲರೂ ಹಾಗಿರಲಿಲ್ಲ. ವಾದ್ಯತಂಡದ ಮೇಷ್ಟ್ರೂ ತಮ್ಮದನ್ನು ಹಾಕಿಸಿ ಕೇಳಿದರು. “ಬ್ಯಾಂಡ್ ಮೇಷ್ಟ್ರು. ಡ್ರಮ್ಮು ಹೊತ್ತು ಹೊತ್ತು ಬಲ ಭುಜ ಇಳಿದಿದೆ. ಒಳಗೆ ಪ್ಯಾಡ್ ಇಡು. ಅವರಿಗೆ ಹೇಳ್ಬೇಡ.” ಮೇಷ್ಟ್ರು ತಮ್ಮ ಬಲ ಭುಜವನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡರು. ಹಾಗೇ ತಿರುಗಿ ಒಳಗೆ ಹೋದರು.

ಅಲ್ಲಿಂದ ಬಂದ ಮೇಲೆ ಎರಡು ದಿನ ಅಕ್ಕ ಮೆಷಿನ್ನಿಗೆ ಎಣ್ಣೆ ಬಿಡುವ ನೆಪದಲ್ಲಿ ಸುಮ್ಮನೆ ಕೂತಿದ್ದಳು. ಕತ್ತರಿಸಿಟ್ಟ ನಲವತ್ತು ಸಮವಸ್ತ್ರಗಳು ಮೇಜಿನ ಮೇಲೆ ಹಾಗೇ ಇದ್ದವು. “ಬೈದಿದ್ರೆ ಚೆನ್ನಾಗಿತ್ತು ಕಣೋ,” ಎಂದಳು ನನಗೆ. ಗಮನ ಬೇರೆಡೆ ಹೋಗಲೆಂದು ಹೊಸ ಫೋನು ಕೊಳ್ಳಲು ಕರೆದುಕೊಂಡು ಹೋದೆ. ಅಂಗಡಿಯಾತ ಕ್ಯಾಮೆರಾ, ಬಣ್ಣ, ಹೊಳಪು ಎಂದು ಹಾಡಿ ಹೊಗಳುತ್ತಿದ್ದರೆ ಅಕ್ಕ ಒಂದೇ ಕೇಳಿದಳು. “ಒಳಗೆ ಎಷ್ಟು ವರ್ಷದ ಬಟ್ಟೆ ಬಿಟ್ಟಿದ್ದಾರೆ?” ಆತ ತಬ್ಬಿಬ್ಬಾದ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ನಾನು ಬಿಡಿಸಿ ಹೇಳಿದೆ. ಥಳಥಳ ಹೊಳೆಯುತ್ತಿದ್ದದ್ದಕ್ಕೆ ಎರಡೇ ವರ್ಷ. ಮೂಲೆಯಲ್ಲಿ ಮಂಕಾಗಿ ಕೂತಿದ್ದಕ್ಕೆ ಏಳು. ಅಕ್ಕ ಮಂಕಾದದ್ದನ್ನೇ ಎತ್ತಿಕೊಂಡಳು.

ಮುಂದಿನ ವಾರ ಶನಿವಾರ ಬೆಳಿಗ್ಗೆ ಮೇಷ್ಟ್ರು ಅಂಗಡಿಗೆ ಬಂದರು. ಕನ್ನಡಿಯ ಮುಂದೆ ನಿಂತು ಕೇಳಿದರು.

“ಆ ಪ್ಯಾಡು ಎಷ್ಟು ವರ್ಷದಿಂದ?”

“ಹನ್ನೊಂದು,” ಎಂದಳು ಅಕ್ಕ.

“ಕೋಟು ಹಾಕ್ಕೊಂಡ್ರೆ ನೀವು ಎಷ್ಟು ನೆಟ್ಟಗೆ ಕಾಣ್ತೀರಿ ಅಂತ ಮನೆಯವಳು ಹೇಳ್ತಾನೇ ಇರ್ತಾಳೆ. ಅದು ನನ್ನ ನಿಲುವು ಅಂದ್ಕೊಂಡಿದ್ದೆ.”

“ನಿಲುವು ನಿಮ್ಮದೇ ಮೇಷ್ಟ್ರೇ. ನಾನು ಸ್ವಲ್ಪ ಹತ್ತಿ ಇಟ್ಟೆ, ಅಷ್ಟೇ.”

ಮೇಷ್ಟ್ರ ಮೀಸೆ ಅಲುಗಿತು. “ಮಕ್ಕಳ ಜೊತೆ ನನಗೂ ಒಂದು ಹೊಲೀರಿ. ಹೊಸದಾಗಿ ಅಳತೆ ತಗೊಳ್ಳಿ. ಪ್ಯಾಡು ಈ ಸಲ ಒಂಚೂರು ದಪ್ಪಗೇ ಇರ್ಲಿ.”

ಅಕ್ಕ ಅಳೆದಳು. “ಇನ್ಮೇಲೆ ಪರದೆ ಹಿಂದೆ ಹೋಗಿ ಹೇಳಲ್ಲ. ಏನೇ ಇದ್ರೂ ನಿಮ್ಮ ಮುಂದೇನೇ,” ಎಂದು ಹೊಸ ಫೋನು ಎತ್ತಿಕೊಂಡಳು. ಸರಿಯಾಗಿ ಆಗಲೇ ಅದು ಕೇಳಬೇಕೆ, ‘ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೇ?’ ಎಂದು.

“ಆಮೇಲೆ ಒತ್ತಕ್ಕಾ, ಮೇಷ್ಟ್ರು ಕಾಯ್ತಿದ್ದಾರೆ,” ಎಂದು ಬಾಯಿ ಹಾಕಿದೆ. ಅಕ್ಕ ನನ್ನತ್ತ ಕತ್ತರಿಯಂಥ ನೋಟ ಬೀರಿ ‘ಈಗಲೇ’ ಒತ್ತಿದಳು. ಪರದೆ ಕಪ್ಪಾಗಿ ಅದರ ಮಧ್ಯೆ ಒಂದು ಪುಟ್ಟ ಚಕ್ರ ಸುತ್ತತೊಡಗಿತು.

“ಕೈ ಇಳಿಸ್ಲಾ?” ಎಂದರು ಮೇಷ್ಟ್ರು.

“ಇಳಿಸಿ, ಆದ್ರೆ ಹೋಗ್ಬೇಡಿ. ಅದು ಏಳೋವರೆಗೂ ನೀವು ನನ್ನ ತಲೇಲಿ ಇರ್ತೀರಿ.”

ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಎರಡು ಮರದ ಸ್ಕೇಲು ತೆಗೆದುಕೊಂಡು ಮೇಜಿನ ಅಂಚಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದರು. ಭಾವನ ಇಸ್ತ್ರಿಪೆಟ್ಟಿಗೆ ತನಗೇ ತಿಳಿಯದಂತೆ ಆ ಲಯ ಹಿಡಿಯಿತು. ಅಕ್ಕ ಮೆಷಿನ್ನಿನ ಮುಂದೆ ಕೂತು ಸಮವಸ್ತ್ರದ ಮೊದಲ ತೋಳನ್ನು ಸೂಜಿಯ ಕೆಳಗೆ ಸರಿಸಿದಳು. ಹದಿನೆಂಟು ನಿಮಿಷ ಹಿಡಿಯಿತು. ಎರಡನೆಯ ತೋಳು ಮುಗಿಯುವ ಹೊತ್ತಿಗೆ ಫೋನು ಕಣ್ಣು ಬಿಟ್ಟಿತು. ಅಕ್ಕ ಅದನ್ನು ಬಾಯಿಯ ಹತ್ತಿರ ಹಿಡಿದು, ಮೇಷ್ಟ್ರ ಮುಖವನ್ನೇ ನೋಡುತ್ತ, ಒಂದೊಂದೇ ಅಳತೆಯನ್ನು ಗಟ್ಟಿಯಾಗಿ ಹೇಳಿದಳು. ಪ್ರತಿಯೊಂದಕ್ಕೂ ಮೇಷ್ಟ್ರು ಸ್ಕೇಲಿನಿಂದ ಮೇಜಿಗೆ ಒಂದೊಂದು ಪೆಟ್ಟು ಹಾಕಿ, “ಹೂಂ, ಸರಿಯಾಗಿದೆ,” ಎಂದರು.