ಈಜು ಬಲ್ಲ ಚೆನ್ನರಾಯಪ್ಪ

ನನ್ನ ಗಂಡ ಚೆನ್ನರಾಯಪ್ಪ ತೊಂಡೇಬಾವಿಯ ನಮ್ಮ ತೋಟದ ಬಾವಿಯಲ್ಲಿ ಈಜು ಕಲಿತು ನೌಕಾಪಡೆ ಸೇರಿದವರು. "ಹಡಗಿನ ಮೇಲ್ಗಡೆ ಗಾಳಿಗೆ ನಿಂತಿರ್ತೀನಿ ಕಣೇ, ಏನಾದ್ರೂ ಆದ್ರೆ ಹಾರ್ಕೊಂಡು ಈಜ್ತೀನಿ" ಅನ್ನುತ್ತಿದ್ದರು. ಯುದ್ಧದಲ್ಲಿ ಹಡಗು ಮುಳುಗಿತು, ಹೆಣ ಸಿಗಲಿಲ್ಲ. ಈಜಿ ಎಲ್ಲೋ ದಡ ಸೇರಿದ್ದಾರೆಂದು ನಂಬಿ, ಸತ್ತವರಿಗೆ ಬಿಡುವ ಹಾಲುತುಪ್ಪವನ್ನು ನಾನು ಬಿಡಿಸಲೇ ಇಲ್ಲ.

ಈಗ ಮೊಮ್ಮಗಳು ಗೌತಮಿ ಕಡಲ ಮ್ಯೂಸಿಯಂ ಒಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ನನ್ನನ್ನು ಕರೆದೊಯ್ದು, ಗಾಜಿನೊಳಗಿದ್ದ ಅದೇ ಹಡಗಿನ ಪುಟ್ಟ ಮಾದರಿ ತೋರಿಸಿದಳು.

"ತಾತ ಎಲ್ಲಿ ನಿಂತಿರ್ತಿದ್ರಮ್ಮ?" ಎಂದೆ.

ಅವಳು ತಳದತ್ತ ಬೆರಳು ಮಾಡಿದಳು. "ಇಲ್ಲಿ ಅಜ್ಜಿ, ಬಾಯ್ಲರ್ ರೂಮಲ್ಲಿ. ನೀರಿನ ಮಟ್ಟಕ್ಕಿಂತ ಕೆಳಗೆ. ಆ ಹಡಗಲ್ಲಿದ್ದು ಬದುಕುಳಿದೋರೊಬ್ರು ಮೊನ್ನೆ ಇಲ್ಲಿಗೆ ಬಂದು ಹೇಳಿದ್ರು."

"ನಾನು ಹೆದರ್ತೀನಂತ ಸುಳ್ಳು ಹೇಳಿದ್ರಾ?" ಎಂದು ಗಾಜನ್ನೇ ಕೇಳಿದೆ.

ಊರಿಗೆ ಮರಳಿ, ಅವರು ಈಜು ಕಲಿತ ಬಾವಿಗೇ ಹಾಲುತುಪ್ಪ ಬಿಟ್ಟೆ.